ಗಾಲಿ ಪರೀಕ್ಷೆ

ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ
ಗಾಲಿಗಳದೇ ಒಂದು ಅಂಗಡಿ.
ಆಸ್ಪತ್ರೆ ಮಂಚದವು, ಆಫೀಸು ಕುರ್ಚಿಯವು, ಸಿಲಿಂಡರ್ ಗಾಡಿಯವು,
ಗೊಂಚಲು ಕಟ್ಟಿ ಬಾಗಿಲಿಗೆ ತೂಗುಬಿಟ್ಟಿದ್ದಾರೆ.
ತಲೆ ತಗ್ಗಿಸದೆ ಒಳಗೆ ಹೋಗುವಂತಿಲ್ಲ.

“ಏನು ಸಾಗಿಸ್ತೀರಮ್ಮ?” ಅಂದರು ಮುಷ್ತಾಕ್ ಸಾಹೇಬರು.
ಹಾಡು, ಅನ್ನಲು ಹೋಗಿ ನಾಲಿಗೆ ಕಚ್ಚಿಕೊಂಡು
ಚೀಟಿ ತೆಗೆದೆ.
ಕೀಬೋರ್ಡು, ಪೆಟ್ಟಿಗೆ ಸಮೇತ, ಇಪ್ಪತ್ತಮೂರು ಕಿಲೋ.
ಆಂಪ್ಲಿಫೈಯರು ಹದಿನೆಂಟು.
ಸ್ಟ್ಯಾಂಡು ಎರಡು, ಮಡಿಸಿದರೂ ಮೊಣಕಾಲು ಚಾಚುವಂಥವು.
ವೈರಿನ ಚೀಲ: ತೂಕ ದಿನಕ್ಕೊಂದು,
ಮನೆಗೆ ಮರಳುವಾಗ ಯಾವಾಗಲೂ ಜಾಸ್ತಿ.

ಇಷ್ಟು ದಿನ ಹೊತ್ತವನು ಅರುಳಪ್ಪ.
ಡ್ರಮ್ಮು ಬಾರಿಸುವವನು; ಹೊರುವುದು ಅವನ ಕೆಲಸವಲ್ಲ.
ಆದರೂ ಇಪ್ಪತ್ತು ವರ್ಷ
ಎಡಹೆಗಲಿಗೆ ನನ್ನದು, ಬಲಹೆಗಲಿಗೆ ತನ್ನದು.
ಕಲ್ಯಾಣ ಮಂಟಪದ ಹಿಂಬಾಗಿಲಲ್ಲಿ
ಲಿಫ್ಟು ಮೊದಲು ಸಾರಿನ ಕೊಳಗಕ್ಕೆ, ಆಮೇಲೆ ಅನ್ನದ ಹಂಡೆಗೆ,
ಜಾಗ ಮಿಕ್ಕಿದರೆ ಸಂಗೀತಕ್ಕೆ.
ಮಿಕ್ಕುತ್ತಿರಲಿಲ್ಲ.
ಮೂರನೇ ಮಹಡಿಯಲ್ಲಿ ಪೆಟ್ಟಿಗೆ ಇಳಿಸಿ, ಉಸಿರು ಕೂಡಿಸಿಕೊಂಡು,
ಅವನು ಹೇಳುತ್ತಿದ್ದದ್ದು ಒಂದೇ ಮಾತು:
“ಕೊಳಲು ಕಲೀಬೇಕಿತ್ತು ಕಣಮ್ಮ.”

ಈಗ ಅವನ ಸೊಂಟಕ್ಕೆ ಬೆಲ್ಟು.
ಬಾರಿಸಬಹುದಂತೆ, ಬಗ್ಗಬಾರದಂತೆ.

ಮೊದಲು ತೋರಿಸಿದ್ದು ಮಡಿಸುವ ಅಲ್ಯೂಮಿನಿಯಂ ಗಾಡಿ.
ವಿಮಾನ ನಿಲ್ದಾಣದ ನೆಲಕ್ಕೆಂದೇ ಹುಟ್ಟಿದ್ದು;
ನಮ್ಮ ಫುಟ್‌ಪಾತಿನ ಎದ್ದ ಚಪ್ಪಡಿ ಕಂಡರೆ
ಅಲ್ಲೇ ಕೂತು ಅಳುತ್ತದೆ.
ಆಮೇಲೆ ನೀರಿನ ಕ್ಯಾನಿನವರದು, ಎರಡು ಗಾಲಿ, ನೆಟ್ಟಗಿನದು.
ಮೆಟ್ಟಿಲಿಗೆ ಸೈ. ಕೀಬೋರ್ಡು ಮಾತ್ರ ಅದರ ಮೇಲೆ
ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತವನ ಹಾಗೆ, ಅರ್ಧ ಆಚೆ.
ಹೂವಿನ ಮಂಡಿಯ ಕಬ್ಬಿಣದ ಗಾಡಿ ಗುಡ್ಡ ಹೊರಬಲ್ಲದು,
ಅದನ್ನು ಆಟೋಗೆ ಎತ್ತಿಡಲು
ಇನ್ನೊಬ್ಬ ಅರುಳಪ್ಪ ಬೇಕು.

ಕೊನೆಗೆ ಹುಡುಗ ಅಟ್ಟದಿಂದ ಇಳಿಸಿದ,
ಧೂಳು ಹಿಡಿದದ್ದು, ಎಳೆದರೆ ಉದ್ದವಾಗುವಂಥದ್ದು.
ಹಿಂದೆ ಗಾಳಿ ತುಂಬಿದ ದೊಡ್ಡ ಗಾಲಿ,
ಮುಂದೆ ಸಣ್ಣವು, ಸುತ್ತ ತಿರುಗುವಂಥವು.
ಗಲ್ಲಿಗೆ ಬಿಟ್ಟು ತಳ್ಳಿದರೆ ಎಡಗಾಲಿ ಕಿಂಯ್ ಅಂತು.
“ಕಪ್ಪು ಎರಡು,” ಅಂದ ಅರುಳಪ್ಪ.
“ಅಲ್ಲ, ಬಿಳಿ ಮೂರು,” ಅಂದೆ.
ಇನ್ನೊಮ್ಮೆ ತಳ್ಳಿಸಿದೆವು. ಮತ್ತೊಮ್ಮೆ.
ಸಾಹೇಬರು ಎಣ್ಣೆ ಡಬ್ಬಿ ತಂದರು:
“ಎರಡು ತೊಟ್ಟು ಬಿಟ್ಟರೆ ಕಪ್ಪೂ ಇಲ್ಲ, ಬಿಳಿಯೂ ಇಲ್ಲ.”
ಬೇಡ ಅಂದೆವು, ಇಬ್ಬರೂ ಒಟ್ಟಿಗೆ.
ಮನೆಗೊಯ್ದು ಕೀಬೋರ್ಡಿನ ಪಕ್ಕ ನಿಲ್ಲಿಸಿ
ಇತ್ಯರ್ಥ ಆಗಬೇಕು.

“ನೂರೈವತ್ತು ಕಿಲೋ ಗ್ಯಾರಂಟಿ.”
ಮಾತಿಗೆ ಏನು, ಭಾರ ಎಲ್ಲಿಂದ ತರುವುದು?
ಅರುಳಪ್ಪ ಚಪ್ಪಲಿ ಬಿಟ್ಟು, ಬೆಲ್ಟು ಸರಿಮಾಡಿಕೊಂಡು,
ಮೆಲ್ಲಗೆ ಗಾಡಿಯ ಮೇಲೆ ಕೂತ.
“ಎಂಬತ್ತೆರಡು,” ಅಂದ, “ಊಟಕ್ಕೆ ಮುಂಚೆ.”

ಎಳೆದೆ.
ಟೈರಿನ ಅಂಗಡಿ ದಾಟಿ, ಚಹಾದವನ ಒಲೆ ದಾಟಿ,
ಪೈಪಿಗೆಂದು ಅಗೆದು ಅರ್ಧ ಮುಚ್ಚಿದ ಕಡೆ ಗಾಡಿ ತಡೆದು ನಿಂತಿತು.
ಬಗ್ಗಿ ಜಗ್ಗಿದೆ. ಹಿಡಿ ಅಂಗೈಯೊಳಗೆ ಇಳಿಯಿತು.
ಇಷ್ಟು ಭಾರವೆ ಒಬ್ಬ ಮನುಷ್ಯ?
ನನ್ನದನ್ನೆಲ್ಲ ಹೊತ್ತು ಹತ್ತಿದವನು
ಇದನ್ನೂ ಹೊತ್ತೇ ಹತ್ತಿದ್ದನಲ್ಲ.
ತಿರುಗಿ ನೋಡಲಿಲ್ಲ ನಾನು.
ಹಿಂದಿನಿಂದ, ಗಾಡಿಯ ಅಂಚಿಗೆ ಬೆರಳು ಬಡಿಯುತ್ತ,
“ಟೆಂಪೋ ಏರ್ತಿದೆ,” ಅಂದ, “ನಿಧಾನ, ನಿಧಾನ.”

ನಾಲ್ಕು ಸಾವಿರದ ಇನ್ನೂರು ಹೇಳಿದ್ದು
ಮೂರೂ ಮುಕ್ಕಾಲಿಗೆ ಇಳಿಯಿತು, ಒಂದು ಸಣ್ಣ ಗಾಲಿ ಮೇಲುಗಡೆ.
“ಪ್ರೋಗ್ರಾಂ ದುಡ್ಡು ಐದು ಪಾಲು ಇತ್ತು,
ಇನ್ನು ಆರೋ?” ಅಂದ ಅರುಳಪ್ಪ,
ಬರಿಗೈಯನ್ನು ಎಲ್ಲಿಡುವುದೆಂದು ತಿಳಿಯದೆ
ಒಮ್ಮೆ ಜೇಬಿಗೆ, ಒಮ್ಮೆ ಬೆನ್ನ ಹಿಂದೆ.
ವೈರಿನ ಚೀಲ ಇನ್ನು ಮೇಲೂ ನನ್ನದೇ ಅಂದ.

ಭಾನುವಾರ ಲಗ್ಗೆರೆಯಲ್ಲಿ ಆರತಕ್ಷತೆ, ಎರಡನೇ ಮಹಡಿ.
ಅಡುಗೆಯವರು ಯಾರು ಅಂತ ವಿಚಾರಿಸಬೇಕು.