ಇಸ್ತ್ರಿ

ಮೇಜಿನ ಸುತ್ತ ನೆಲದ ಮೇಲೊಂದು ಬಿಳಿ ಗೆರೆ.
ಹೆಂಗಸರು ದಾಟಬಾರದೆಂದು ಗೋಡೆಯ ಹಿತ್ತಾಳೆ ಹಲಗೆಯ ಅಪ್ಪಣೆ.
ವಾರಕ್ಕೊಮ್ಮೆ ಆ ಹಲಗೆಯನ್ನು ತಿಕ್ಕಿ
ಅಕ್ಷರ ಎದ್ದು ಕಾಣುವಂತೆ ಹೊಳೆಯಿಸುತ್ತಿದ್ದವಳು
ನನ್ನಮ್ಮ, ಬ್ರಾನ್ವೆನ್ ಪ್ರಾಬರ್ಟ್, ಗಂಟೆಗೆ ಎಪ್ಪತ್ತು ಪೆನ್ನಿ.

ಪೊರಕೆ ಹಿಡಿದವಳಿಗೆ ಮಾತ್ರ ಗೆರೆ ಇರಲಿಲ್ಲ.

ಪೋರ್ಟ್ ಟಾಲ್ಬಟ್ಟಿನ ಉಕ್ಕಿನ ಕುಲುಮೆಗಳಿಂದ
ಗಂಡಸರು ಪಾಳಿ ಮುಗಿಸಿ ಬರುವ ಮುಂಚೆ
ಹಸಿರು ಬಟ್ಟೆಯ ಧೂಳು ಬಳಿದು, ಇಸ್ತ್ರಿ ಎಳೆಯುವುದು
ಹನ್ನೊಂದು ವರ್ಷದ ನನ್ನ ಪಾಲು.
"ಒಂದೇ ಕಡೆಗೆ ಎಳಿ, ಎಲೆರಿ, ಎಳೆದದ್ದು ಹಿಂದಕ್ಕೆ ತರಬೇಡ.
ಬಟ್ಟೆಗೂ ಬೆಕ್ಕಿನ ಮೈಯಂತೆ ಒಂದು ದಿಕ್ಕಿದೆ."
ಕರಿ ಚೆಂಡಿನ ತಾವು ತಲುಪುವಾಗ
ಕೈಯ ಭಾರ ಕೂದಲೆಳೆಯಷ್ಟು ಎಡಕ್ಕೆ ವಾಲುತ್ತಿತ್ತು.
ಯಾರಿಗೂ ಹೇಳಲಿಲ್ಲ.
ನನ್ನ ಆಟ ಶುರುವಾದದ್ದು ಹಾಗೆ,
ಒಂದು ಚೆಂಡನ್ನೂ ಮುಟ್ಟದೆ.

ಕಾವಲಿನ ಮುದುಕ ಇಡ್ವಾಲ್ ಒಂದು ದಿನ
ಒಳಗಿಂದ ಅಗುಳಿ ಹಾಕಿ, ತನ್ನ ಕೋಲು ಕೊಟ್ಟು,
"ಹೊಡಿ" ಅಂದ. ಅರ್ಧ ಗಂಟೆ.
ಆಚೆ ಅಮ್ಮ ಕಲ್ಲುನೆಲದ ಮೇಲೆ ಖಾಲಿ ಬಕೆಟ್ಟನ್ನು
ದರದರ ಎಳೆದಾಡುತ್ತಲೇ ಇದ್ದಳು,
ಚೆಂಡಿಗೆ ಚೆಂಡು ತಾಗುವ ಸದ್ದು ಯಾರ ಕಿವಿಗೂ ಬೀಳದಿರಲೆಂದು.

ಆಮೇಲಿನದನ್ನು ಪೇಪರಿನವರು ನಾಲ್ಕು ಸಾಲಲ್ಲಿ ಮುಗಿಸಿದರು.
ಹೆಂಗಸರ ಪಂದ್ಯಾವಳಿ ಮೂರು ಸಲ ಗೆದ್ದೆ.
ಒಮ್ಮೆ ಬೆಳ್ಳಿ ಬಟ್ಟಲು, ಒಮ್ಮೆ ನಾನೂರು ಪೌಂಡು,
ಒಮ್ಮೆ ಇಸ್ತ್ರಿಪೆಟ್ಟಿಗೆ!
ಅಂಗಿಯದ್ದು, ಮೇಜಿನದಲ್ಲ.
ಎತ್ತಿ ಹಿಡಿದು ಫೋಟೋಗೆ ನಕ್ಕೆ, ಏನು ಮಾಡಲಿ.

ಮುಂದೆ ಗಂಡಸರ ಜೊತೆ, ಹೊಟ್ಟೆಪಾಡಿನ ಆಟ.
ಬ್ಲ್ಯಾಕ್‌ಪೂಲಿನ ಅರ್ಹತಾ ಸುತ್ತು: ಹಲಗೆಗೋಡೆಯ ಸಾಲು ಗೂಡುಗಳು,
ಗೂಡಿಗೊಂದು ಮೇಜು, ಇಬ್ಬರು, ಒಬ್ಬ ರೆಫ್ರಿ.
ನೋಡುವವರು? ಕುರ್ಚಿಗಳಿದ್ದವು.
ರಾತ್ರಿ ವ್ಯಾನಿನಲ್ಲೇ, ಕಾಲು ಮಡಚಿ,
ಕೋಲಿನ ಪೆಟ್ಟಿಗೆಗೆ ಕಂಬಳಿಯ ದೊಡ್ಡ ಪಾಲು ಕೊಟ್ಟು ಮಲಗಿದೆ.
ಬೆಳಿಗ್ಗೆ ಡಂಡಿಯ ಹುಡುಗನೊಬ್ಬ, ಮೀಸೆ ಇನ್ನೂ ಮೂಡಿರದವನು,
ಮರ್ಯಾದೆಯಿಂದ ಕೈ ಕುಲುಕಿ
ಹತ್ತಕ್ಕೆ ಮೂರರಲ್ಲಿ ಸೋಲಿಸಿ ಕಳಿಸಿದ.
ಆ ಮೇಜಿಗೆ ಯಾರೋ ಅಡ್ಡಾದಿಡ್ಡಿ ಇಸ್ತ್ರಿ ಹಾಕಿದ್ದರು.
ಮೊದಲ ಫ್ರೇಮಿನಲ್ಲೇ ಗೊತ್ತಾಯಿತು. ಹೇಳಬಹುದಿತ್ತು.
ಗೆದ್ದವನು ಹೇಳಿದರೆ ಅದು ಜ್ಞಾನ,
ಸೋತವಳು ಹೇಳಿದರೆ ನೆಪ.

ಹದಿನೇಳು ವರ್ಷ ಹೀಗೇ. ಕೆಲವು ಹುಡುಗರನ್ನು ನಾನೂ ಅಳಿಸಿದ್ದೇನೆ.
ನಲವತ್ತಾರಕ್ಕೆ ಕನ್ನಡಕ ಬಂತು. ಬಾಗಿದರೂ ಕಾಣುವಂತೆ
ಹುಬ್ಬಿನ ಮೇಲಕ್ಕೂ ಚಾಚಿದ ಗಾಜು, ಗೂಬೆಯ ಅವತಾರ.
ನನ್ನ ದೊಡ್ಡ ಬ್ರೇಕ್ ನೂರ ಮೂವತ್ತೆಂಟು,
ಯಾವ ಪುಸ್ತಕದಲ್ಲೂ ಇಲ್ಲ.
ಅಮ್ಮನನ್ನು ಮಣ್ಣು ಮಾಡಿದ ಮರುದಿನ,
ಮಂಗಳವಾರ, ಬಾಗಿಲು ತೆರೆದೇ ಇತ್ತು,
ಬಕೆಟ್ಟಿನ ಸದ್ದಿರಲಿಲ್ಲ.
ಎಣಿಸಿದವಳು ನಾನೇ, ನಂಬಬೇಕಾದವಳೂ ನಾನೇ.

ಕುಲುಮೆ ಆರಿದ ಮರುವರ್ಷ ಕ್ಲಬ್ಬೂ ಮುಚ್ಚಿತು.
ಮೇಜು ಬಿಚ್ಚಲು ಬಂದವರು ಬಟ್ಟೆ ಕಿತ್ತು ಸುತ್ತಿಟ್ಟರು.
ಕೆಳಗೆ ಐದು ಕಲ್ಲುಚಪ್ಪಡಿ, ಸತ್ತ ಮೀನಿನ ಬಣ್ಣ.
ಒಂದೊಂದಕ್ಕೂ ನಾಲ್ವರು ಬೇಕು. ಬಂದವರು ಮೂವರು.
ಒಂದು ಮೂಲೆಗೆ ನಾನು ನಿಂತೆ.

ಕೊನೆಯ ಚಪ್ಪಡಿಯ ಅಡಿಯಲ್ಲಿ, ಕರಿ ಚೆಂಡಿನ ತಾವಿನ ಬಲಕ್ಕೆ,
ಕಲ್ಲು ಸಮ ಕೂರಲೆಂದು ಯಾವನೋ
ಮಡಚಿ ತುರುಕಿದ್ದ ಸಿಗರೇಟ್ ಪೊಟ್ಟಣದ ರಟ್ಟು.
ಎರಡು ಮಡಿಕೆ ಸಾಕಿತ್ತು. ಮೂರು ಮಡಚಿದ್ದ.

"ಏನಮ್ಮಾ?" ಅಂದ ಎದುರು ಮೂಲೆಯವನು.
"ಏನಿಲ್ಲ. ಎತ್ತಿ."