ಕೂದಲೆಳೆ

ಕಂಪನಿಯ ಉತ್ತರ ಅಂಚೆ ಕಾರ್ಡಿನಲ್ಲಿ ಹಿಡಿಯುವಷ್ಟೇ ಇತ್ತು:
ಆ ಮಾದರಿ ನಿಂತು ಹತ್ತೊಂಬತ್ತು ವರ್ಷವಾಯಿತು,
ಬಿಡಿಭಾಗ ದಾಸ್ತಾನಿಲ್ಲ, ಹೊಸದನ್ನು ಕೊಳ್ಳಿ.
ಕೆಳಗೆ ಸಹಿ. ಸಹಿಯ ಕೆಳಗೆ ಹೊಸದರ ಬೆಲೆ,
ನಮ್ಮ ಶಾಲೆಯ ಎರಡು ವರ್ಷದ ಕ್ರೀಡಾನಿಧಿ
ಮತ್ತು ನನ್ನ ಒಂದು ತಿಂಗಳ ಸಂಬಳ.

ಮದ್ದಿನದಲ್ಲ, ಗಾಳಿಯ ರೈಫಲ್ ನಮ್ಮದು.
ಹತ್ತು ಮೀಟರ್ ಆಚೆಯ ಕಾಗದದ ಮೇಲಷ್ಟೇ ಅದರ ಹಗೆ.
ಹೊರಪೇಟೆಯ ಶಾಲೆಯ ಹಿಂದೆ, ಸೈಕಲ್ ಷೆಡ್ಡಿನಲ್ಲಿ,
ಮೂವತ್ತು ವರ್ಷ ಕೆನ್ನೆಯಿಂದ ಕೆನ್ನೆಗೆ ದಾಟಿ
ಹಿಡಿಯ ಮರ ಮೆರುಗೆಣ್ಣೆ ಬಿಟ್ಟು ಬೆವರು ಕುಡಿದಿತ್ತು.
ಈಗ ಬಂದ ರೋಗ: ಕುದುರೆ ನಿಲ್ಲುವುದಿಲ್ಲ.
ಬೆರಳು ಸೋಕಿದರೆ ಸಾಕು, ಉಸಿರು ಕಟ್ಟುವ ಮೊದಲೇ
ತಾನಾಗಿ ಹಾರುತ್ತದೆ ಏಟು.

ಮುಬೀನ, ಒಂಬತ್ತನೇ ತರಗತಿ, ಎಡಗೈಯವಳು,
‘ಸಾರ್, ನಾನು ಹೊಡೀಲಿಲ್ಲ, ಅದೇ ಹೊಡ್ಕೊಂತು’ ಅಂದಳು.
ಮಕ್ಕಳ ಎಲ್ಲ ಸುಳ್ಳಿನ ಹಾಗೇ ಇತ್ತು ಮಾತು.
ನಾನು ಹಿಡಿದು ನೋಡಿದೆ.
ನನಗೂ ಅದೇ ಹೊಡ್ಕೊಂತು.

ಮಂಡಿಪೇಟೆಯ ಹೊಲಿಗೆ ಮಿಷನ್ ರಿಪೇರಿಯವ ಕೈಮುಗಿದ.
ಬೀಗದ ಚಂದ್ರಾಚಾರಿ ಅರ ಎತ್ತಿಕೊಂಡ, ಕಿತ್ತುಕೊಂಡು ಬಂದೆ.
ಹಿಂದಿನಿಂದ ಕೂಗಿ ಅವನೇ ಹೇಳಿದ್ದು:
ಶೆಟ್ಟಿಹಳ್ಳಿ ಕಡೆ ಜಯಶೀಲಮ್ಮ ಅಂತ ಇದಾರೆ,
ವಾಚ್ ಕಾರ್ಖಾನೇಲಿ ಇದ್ದೋರು, ಕೇಳ್ನೋಡಿ.

ಅವರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.
‘ಹಕ್ಕಿ ಹೊಡೀತೀರಾ ಇದ್ರಲ್ಲಿ?’
ಇಲ್ಲಮ್ಮ, ಕಾಗದ.
‘ಕಾಗದ ಆದ್ರೆ ಒಳಗೆ ತನ್ನಿ.’

ಕಂಪನಿಯ ಪತ್ರ ಓದಿ, ಮಡಿಚಿ, ಟೀ ಲೋಟದ ಕೆಳಗಿಟ್ಟರು.
‘ನಮ್ಮ ಗೇಟಿಗೂ ಇಂಥದ್ದೊಂದು ಅಂಟಿಸಿದ್ರು.
ಅದ್ರಲ್ಲಿ ಕಾಗುಣಿತ ತಪ್ಪಿತ್ತು. ಇದ್ರಲ್ಲಿ ಇಲ್ಲ.’
ಇಪ್ಪತ್ತಾರು ವರ್ಷ ಹೇರ್‌ಸ್ಪ್ರಿಂಗ್ ಜೋಡಿಸಿದ ಕೈ
ನನ್ನ ರೈಫಲನ್ನು ಕೂಸಿನ ಹಾಗೆ ಬೋರಲು ಮಲಗಿಸಿತು.
ಎಡಗಣ್ಣಿಗೆ ಐಗ್ಲಾಸ್ ಕಚ್ಚಿಸಿ, ಬಹಳ ಹೊತ್ತು ಸುಮ್ಮನಿದ್ದು,
‘ಇದಕ್ಕೆ ಕೊಬ್ಬರಿ ಎಣ್ಣೆ ಹಾಕಿದೋರು ಯಾರು?’
ನಾನು ತೊಲೆ ನೋಡಿದೆ.

ಕೊಂಡಿಯ ಮೂಗು ಸವೆದಿತ್ತಂತೆ, ಒಂದು ಕೂದಲೆಳೆ.
ನನ್ನ ಕಣ್ಣಿಗೂ ಐಗ್ಲಾಸ್ ಕೊಟ್ಟರು. ಕಂಡದ್ದು ನನ್ನದೇ ರೆಪ್ಪೆ.

ಮಗಳ ಮದುವೆಗೆ ಯಾರೋ ಕೊಟ್ಟ ಅಲಾರಂ ಟೈಂಪೀಸು,
ಹನ್ನೊಂದೂ ಮುಕ್ಕಾಲಿಗೆ ನಿಂತದ್ದು,
ಅದರ ಉಕ್ಕು ಬಿಚ್ಚಿದರು.
ಮೊದಲನೆಯದು ಹದ ಹೆಚ್ಚಾಗಿ ಚಿಟಿಲ್ ಅಂತು.
ಎರಡನೆಯದು ಮೆತ್ತಗಾಯಿತು.
ಮೂರನೆಯದು ಬೆರಳಿಂದ ಜಾರಿ ಅವರೆ ಸಿಪ್ಪೆಯಲ್ಲಿ ಬಿತ್ತು,
ನಾನೂ ಅವರೂ ಮೊಣಕಾಲೂರಿ
ಸಂಜೆಯವರೆಗೆ ಸೊಗಡಿನೊಳಗೆ ಹುಡುಕಿದೆವು.
ಸಿಕ್ಕಲಿಲ್ಲ.
‘ಫ್ಯಾಕ್ಟರಿಲಿ ಆಗಿದ್ರೆ ನೆಲ ಬಿಳೀದು’ ಅಂದರು,
ಬೇರೆ ಏನೂ ಅನ್ನಲಿಲ್ಲ.

ನಾಲ್ಕನೆಯದು ಕೂತಿತು.

‘ಮೊದಲಿನ ಹಾಗೆ ಇರಲ್ಲ, ಈಗಲೇ ಹೇಳ್ತೀನಿ.
ಎಳೆದ ಮೇಲೆ ಒಂಚೂರು ಯೋಚನೆ ಮಾಡುತ್ತೆ.
ಹುಡುಗೀಗೆ ಹೇಳಿ, ಅದರ ಯೋಚನೆ ಮುಗಿಯೋತನಕ
ಅಲ್ಲಾಡಬಾರದು ಅಂತ.’

ಮುಬೀನ ಮೂರು ದಿನ ಕಾಗದದ ಅಂಚಿಗೆ ಹೊಡೆದಳು.
ನಾಲ್ಕನೆಯ ದಿನ ಷೆಡ್ಡಿನ ತಗಡಿನ ಮೇಲೆ ಅಳಿಲು ಓಡುತ್ತಿತ್ತು,
ಅವಳ ಭುಜ ಮಾತ್ರ ಏಟು ಹೋದ ಮೇಲೂ
ಇನ್ನೂ ಹೋಗಿಲ್ಲವೆಂಬಂತೆ ನಿಂತೇ ಇತ್ತು.

ಕೂಲಿ ಕೇಳಿದರೆ ಜಯಶೀಲಮ್ಮ ಆ ಕಾಗದ ಕೇಳಿದರು.
ಕಿಟಕಿಯ ಬೆಳಕಿಗೆ ಹಿಡಿದು, ಐಗ್ಲಾಸ್ ಹಚ್ಚಿ,
ಹತ್ತು ತೂತನ್ನೂ ಒಂದೊಂದಾಗಿ ಓದಿದರು.
‘ಎಡಕ್ಕೆ ಒಂದು ಕೂದಲೆಳೆ.
ಅದು ನಂದಲ್ಲ, ಹುಡುಗೀದು.’