ಡಿಪ್ಪರ್

ಮೆಣಸಿನಕಾಯಿ ಸುಗ್ಗಿ. ಬ್ಯಾಡಗಿಯೊಳಗ ಇನ್ನೊಂದು ಲಾರಿ
ಚೀಲ ಹೇರಿಕೊಂಡು ನಿಂತಿತ್ತು, ಡ್ರೈವರ್ ಇಲ್ಲದ.
ಮಾಲಕ ಫೋನ್ ಹಚ್ಚಿದ: "ರಾಜೇಸಾಬ, ದಿಲ್ಲಿಯೊಳಗ
ಗಾಡಿ ಬದಲಿಯವನ ಕೈಗೆ ಕೊಡು. ವಿಮಾನ ಹತ್ತು."

ಹೋಗೂವಾಗ ನಾಕು ಹಗಲು, ಮೂರು ರಾತ್ರಿ.
ಎರಡು ಪಂಕ್ಚರ್, ಧುಳೆ ದಾಟಿ ಒಂದು ಜಗಳ,
ಚಂಬಲದ ಸೇತುವಿ ಮ್ಯಾಗ ಮುಂಜಾನಿ ಮಂಜು.
ಬರೂವಾಗ ಎರಡೂವರಿ ತಾಸು,
ಒಂದು ಸಣ್ಣ ನೀರಿನ ಬಾಟ್ಲಿ.

ಬಾಜೂ ಕೂತಾಕಿ ಮೂರು ಸಲ ಸೀನಿದಳು.
ಅಂಗಿ ಒಗದಿದ್ದೆ, ಖಾರ ಬಿಟ್ಟಿರಲಿಲ್ಲ.
ಕೆಳಗ ಹಣಿಕಿ ಹಾಕಿದೆ: ಬರೇ ಮೋಡ.
ಎಲ್ಲಿ ಟೋಲ್, ಎಲ್ಲಿ ಘಾಟ್,
ಹಾರ್ನ್ ಕೇಳಿಯೇ ನನ್ನ ಚಹಾ ಒಲಿಗಿಡೂ ಆ ಮುದುಕ ಎಲ್ಲಿ?
ಹುಬ್ಬಳ್ಳಿ ನೆಲ ಗಾಲಿಗೆ ತಾಗಿದಾಗ
ಕಾಲು ತನ್ನಷ್ಟಕ್ಕ ತಾನು ಬ್ರೇಕ್ ಹುಡುಕಿತು.

ಗೋಕುಲ ರೋಡಿನಾಗ ಗಿರಮಿಟ್ ಗಾಡಿ ಮುಂದ ನಿಂತು
ಕ್ಲೀನರ್ ದ್ಯಾಮಣ್ಣಗ ಫೋನ್ ಮಾಡಿದೆ.
"ಎಲ್ಲಿದ್ದೀಪಾ?"
"ಇನ್ನೂ ಟೈರಿಗೆ ಗಾಳಿ ಹಾಕಸಾಕತ್ತೀನಿ ಅಣ್ಣಾ. ನೀವು?"
ಹೇಳಾಕ ಯಾಕೋ ನಾಚಿಕಿ ಬಂತು.

ಅವತ್ತ ರಾತ್ರಿ ಬ್ಯಾಡಗಿ ಬಿಟ್ಟೆ, ಮತ್ತ ದಿಲ್ಲಿಗೆ.
ಎರಡನೇ ರಾತ್ರಿ, ಧುಳೆ ಇನ್ನೂ ಮುಂದಿತ್ತು,
ಎದುರಿಗೆ ಬಂತು ನನ್ನ ಹಳೇ ಗಾಡಿ.
ಬಂಪರಿಗೆ ನಾನೇ ಕಟ್ಟಿದ ಕರೀ ದಾರ,
ಎಡಗಣ್ಣು ಮಂದ.
ಡಿಪ್ಪರ್ ಹೊಡದೆ. ಅದೂ ಹೊಡೀತು.
ಖಾಲಿ ಚೀಲದ ನಡುವ, ಟಾಡಪಾಲ್ ಹೊದ್ದುಕೊಂಡು,
ನಾನು ಇನ್ನೂ ಊರಿಗೆ ಬರಾಕತ್ತಿದ್ದೆ.